ಮೆದೆ ಅಳೆಯುವ ದಿನ: ಬರಗಾಲದಲ್ಲಿ ದನ, ಮೇವು ಮತ್ತು ದುಡ್ಡಿನ ಲೆಕ್ಕ

ದನ ಸಾಕುವ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದು. ಹಾಲಿನ ಹಸುವಿನ ಲೆಕ್ಕದಲ್ಲಿ ಒಟ್ಟು ಖರ್ಚಿನ ಶೇ 60ರಿಂದ 70ರಷ್ಟು ಹುಲ್ಲು, ಹಿಂಡಿ, ಬೂಸಕ್ಕೇ ಹೋಗುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಈ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಒಣಹುಲ್ಲು ಹೊಲದಿಂದ ಬರುತ್ತದೆ, ಹಸಿಮೇವು ಬದುವಿನಲ್ಲಿ ಸಿಗುತ್ತದೆ, ಉಳಿದ ಹೊಟ್ಟೆಯನ್ನು ಗೋಮಾಳ ತುಂಬಿಸುತ್ತದೆ. ಮಳೆ ಕೈಕೊಟ್ಟ ವರ್ಷ ಮೂರೂ ಒಟ್ಟಿಗೆ ನಿಲ್ಲುತ್ತವೆ, ಮೂರಕ್ಕೂ ಕೈಯಿಂದ ದುಡ್ಡು ಹಾಕಬೇಕಾಗುತ್ತದೆ. ಆ ವರ್ಷ ಮನೆಯ ನಷ್ಟ ಎಷ್ಟು ಎಂಬುದು ಹುಲ್ಲಿನ ದರಕ್ಕಿಂತ ಹೆಚ್ಚಾಗಿ, ತೀರ್ಮಾನ ಯಾವ ತಿಂಗಳಲ್ಲಿ ಆಯಿತು ಎಂಬುದರ ಮೇಲೆ ನಿಂತಿರುತ್ತದೆ.

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಈ ಅಂಕಣಕಾರರ ಮನೆ ಶಿರಾ ಸೀಮೆಯ ಮಳೆಯಾಶ್ರಿತ ಊರೊಂದರಲ್ಲಿದೆ. ಮುಂದೆ ಬರುವ ದರಗಳು ಮತ್ತು ತೂಕಗಳು ಆ ವರ್ಷ ಆ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟವು.

ಮೆದೆಯ ಲೆಕ್ಕ

ಮೇವಿನ ಲೆಕ್ಕ ಒಣ ಅಂಶದಲ್ಲಿ ನಡೆಯಬೇಕು. ಮೇವಿನ ನೀರನ್ನೆಲ್ಲ ತೆಗೆದರೆ ಉಳಿಯುವುದೇ ಒಣ ಅಂಶ. ನಾಟಿ ದನಕ್ಕೆ ದಿನಕ್ಕೆ ಮೈತೂಕದ ಶೇ 2ರಿಂದ 2.5ರಷ್ಟು, ಹಾಲು ಕೊಡುವ ಸೀಮೆಹಸುವಿಗೆ ಶೇ 2.5ರಿಂದ 3ರಷ್ಟು ಒಣ ಅಂಶ ಬೇಕು. 400 ಕೆ.ಜಿ. ತೂಗುವ ಸೀಮೆಹಸು ದಿನಕ್ಕೆ ಕನಿಷ್ಠ 10 ಕೆ.ಜಿ. ಒಣ ಅಂಶ ತಿನ್ನುತ್ತದೆ. ಹಿಂಡಿ, ಬೂಸ ಮತ್ತು ಒಂದಿಷ್ಟು ಹಸಿಮೇವಿನಿಂದ ಸಿಗುವುದನ್ನು ಕಳೆದರೆ, ಸುಮಾರು 7 ಕೆ.ಜಿ. ಒಣಹುಲ್ಲು ಬೇಕಾಗುತ್ತದೆ.

ಆ ಮನೆಯಲ್ಲಿ ಎರಡು ಸೀಮೆಹಸು, ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಕಡಸು, ಒಂದು ಗೊಡ್ಡು ಹಸು, ಒಂದು ಕರು ಇದ್ದವು. ಹಸುಗಳಿಗೆ 14, ಎತ್ತುಗಳಿಗೆ 14, ಕಡಸಿಗೆ 5, ಗೊಡ್ಡು ಹಸುವಿಗೆ 6, ಕರುವಿಗೆ 2 ಎಂದರೆ ದಿನಕ್ಕೆ 41 ಕೆ.ಜಿ. ಕತ್ತರಿಸಿ ಹಾಕಿದರೂ ಹತ್ತರಲ್ಲೊಂದು ಪಾಲು ಕಾಲಡಿಗೆ ಹೋಗುವುದರಿಂದ ಸುಮಾರು 45 ಕೆ.ಜಿ. ಡಿಸೆಂಬರ್ ಮೊದಲ ವಾರದಿಂದ ಹೊಸ ಹುಲ್ಲು ಬಾಯಿಗೆ ಸಿಗುವ ಜೂನ್ ಕೊನೆಯವರೆಗೆ 210 ದಿನ. ಒಟ್ಟು ಅಗತ್ಯ 9,450 ಕೆ.ಜಿ.

ಮೆದೆಯಲ್ಲಿ ಎಷ್ಟಿದೆ ಎಂಬುದು ಕಣ್ಣಂದಾಜಿಗೆ ಸಿಗುವುದಿಲ್ಲ. ಸಾಮಾನ್ಯ ಗಾತ್ರದ ಹತ್ತು ಹೊರೆಗಳನ್ನು ತೂಗುತಕ್ಕಡಿಗೆ ಹಾಕಿ ಸರಾಸರಿ ತೆಗೆದು, ಮೆದೆಗೆ ಒಟ್ಟಿದ ಹೊರೆಗಳ ಸಂಖ್ಯೆಯಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಆ ಮನೆಯಲ್ಲಿ ಈ ತೂಕ ನಡೆದದ್ದು ಜನವರಿಯಲ್ಲಿ, ಮೆದೆ ನೆಲಕ್ಕೆ ಬಂದ ಮೇಲೆ. ಹಿಂದಕ್ಕೆ ಲೆಕ್ಕ ಹಾಕಿದಾಗ ಡಿಸೆಂಬರಿನಲ್ಲಿ ಇದ್ದದ್ದು 2,400 ಕೆ.ಜಿ. ರಾಗಿಹುಲ್ಲು ಎಂದು ತಿಳಿಯಿತು. ಅದು 53 ದಿನದ ಮೇವು. ಆದರೆ ಮೆದೆ ಎತ್ತರವಾಗಿ ಕಾಣುತ್ತಿದ್ದುದರಿಂದ ಶಿವರಾತ್ರಿವರೆಗೆ ಚಿಂತೆಯಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು.

ಬಾಯಿಗಳ ಲೆಕ್ಕ

ಮೇವು ಎಷ್ಟಿದೆ ಎಂದು ತಿಳಿದ ಮೇಲೆ ಬರುವ ಪ್ರಶ್ನೆ, ಎಷ್ಟು ಬಾಯಿಗಳನ್ನು ಉಳಿಸಿಕೊಳ್ಳುವುದು. ಮಾಂಸಕ್ಕಾಗಿ ದನ ಸಾಕುವ ಟೆಕ್ಸಾಸ್, ಆಸ್ಟ್ರೇಲಿಯಾದಂಥ ಕಡೆ ಇದಕ್ಕೆ ನೇರ ಉತ್ತರವಿದೆ: ಹುಲ್ಲು ಮುಗಿಯುವ ಮೊದಲೇ ಹಿಂಡನ್ನು ಇಳಿಸು, ಒಳ್ಳೆಯ ತಾಯಿ ಹಸುಗಳನ್ನು ಮಾತ್ರ ಉಳಿಸಿಕೋ. 2011ರ ಬರದಲ್ಲಿ ಟೆಕ್ಸಾಸಿನ ಸಾಕಣೆಗಾರರು ಹೀಗೆ ದೊಡ್ಡ ಸಂಖ್ಯೆಯಲ್ಲಿ ದನ ಮಾರಿದರು. ಕರ್ನಾಟಕದ ರೈತನ ಮುಂದೆ ಈ ದಾರಿ ಕಿರಿದಾಗಿದೆ. 2021ರಿಂದ ಜಾರಿಯಲ್ಲಿರುವ ಗೋಹತ್ಯೆ ನಿಷೇಧ ಕಾಯ್ದೆಯಿಂದಾಗಿ ಗೊಡ್ಡು ಹಸು, ಮುದಿ ಎತ್ತಿಗೆ ಕೊಳ್ಳುವವರು ಕಡಿಮೆ. ಆದ್ದರಿಂದ ಇಲ್ಲಿ ಮಾರಾಟದ ತೀರ್ಮಾನ, ಮತ್ತೊಬ್ಬ ರೈತ ಸಾಕಲು ಕೊಳ್ಳುವಂಥ ದನದ ಬಗ್ಗೆ ಮಾತ್ರ ನಡೆಯಲು ಸಾಧ್ಯ. ಅಂಥ ದನಕ್ಕೆ ಬೆಲೆ ಇರುವುದು ಊರಿನ ಮೆದೆಗಳು ಇನ್ನೂ ನಿಂತಿರುವಾಗ.

ಆ ಮನೆಯ ಎತ್ತಿನ ಜೊತೆಯನ್ನು ಡಿಸೆಂಬರಿನಲ್ಲಿ 90,000 ರೂ.ಗೆ ಕೇಳಿಕೊಂಡು ಮನೆಬಾಗಿಲಿಗೇ ಬಂದವರಿದ್ದರು. ಕರುಗಳಾಗಿದ್ದಾಗಿನಿಂದ ಕೈತುತ್ತು ಕೊಟ್ಟು ಬೆಳೆಸಿದ ಎತ್ತುಗಳು, ಹಿರಿಯರು ಒಪ್ಪಲಿಲ್ಲ. ಏಪ್ರಿಲ್ ಮೊದಲ ವಾರ ಅದೇ ಜೊತೆಯನ್ನು ಸಂತೆಗೆ ಹೊಡೆದುಕೊಂಡು ಹೋಗಬೇಕಾಯಿತು. ಅಷ್ಟರಲ್ಲಿ ಪಕ್ಕೆಲುಬು ಎಣಿಸುವಂತಾಗಿತ್ತು. ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮೊದಲು ಐವತ್ತೈದು ಎಂದ. ವ್ಯಾಪಾರ ಮುಗಿದದ್ದು 62,000ಕ್ಕೆ. ಸಂತೆಯ ತುಂಬ ಮಾರುವವರೇ ಇದ್ದರು.

ಹಾಲಿನ ಹಸುಗಳ ಲೆಕ್ಕವನ್ನು ದಿನದ ಮೇಲೆ ಹಾಕಬೇಕು. ದಿನಕ್ಕೆ 8 ಲೀಟರ್ ಕೊಡುವ ಹಸುವಿನಿಂದ, ಡೇರಿಯಲ್ಲಿ ಲೀಟರಿಗೆ 33 ರೂ. ಸಿಕ್ಕರೆ, ಬರುವುದು 264 ರೂ. ಹುಲ್ಲಿನ ದರ ಕೆ.ಜಿ.ಗೆ 8 ರೂ. ಇದ್ದಾಗ 7 ಕೆ.ಜಿ. ಹುಲ್ಲಿಗೆ 56, 4 ಕೆ.ಜಿ. ಹಿಂಡಿ-ಬೂಸಕ್ಕೆ 128, 5 ಕೆ.ಜಿ. ಹಸಿಮೇವಿಗೆ 15, ಖನಿಜ ಮಿಶ್ರಣಕ್ಕೆ 5, ಒಟ್ಟು 204 ರೂ. ಕೈಯಲ್ಲಿ 60 ರೂ. ಉಳಿಯುತ್ತದೆ. ಹುಲ್ಲು 14 ರೂ. ಆದಾಗ ಉಳಿಕೆ 18 ರೂ.ಗೆ ಇಳಿಯುತ್ತದೆ. 5 ಲೀಟರ್ ಕೊಡುವ ಹಸುವಿಗೆ 3 ಕೆ.ಜಿ. ಹಿಂಡಿ-ಬೂಸ ಸಾಕಾದರೂ, 14 ರೂ. ಹುಲ್ಲಿನ ದಿನಗಳಲ್ಲಿ ದಿನಕ್ಕೆ 49 ರೂ. ಕೈ ಬಿಡುತ್ತದೆ. ಅಂಥ ಹಸು ಗಬ್ಬವಾಗಿದ್ದರೆ ಮುಂದಿನ ಸೂಲಿನ ಆಸೆಗೆ ಇಟ್ಟುಕೊಳ್ಳಬಹುದು. ಗಬ್ಬ ನಿಂತಿದೆಯೋ ಇಲ್ಲವೋ ಎಂದು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ತೀರ್ಮಾನ ಮಾಡುವುದು ಕ್ಷೇಮ.

ಮೇವು ಕೊಳ್ಳುವಾಗ

ಕಡಿಮೆ ದರದ ಮೇವು ಯಾವಾಗಲೂ ಅಗ್ಗದ ಮೇವಲ್ಲ. ನೇಪಿಯರ್‌ನಂಥ ಹಸಿಹುಲ್ಲಿನಲ್ಲಿ ಒಣ ಅಂಶ ಸುಮಾರು ಶೇ 20, ಒಣಹುಲ್ಲಿನಲ್ಲಿ ಶೇ 90. ಕೆ.ಜಿ.ಗೆ 3 ರೂ. ಕೊಟ್ಟು ಹಸಿಹುಲ್ಲು ಕೊಂಡರೆ ಒಂದು ಕೆ.ಜಿ. ಒಣ ಅಂಶಕ್ಕೆ 15 ರೂ. ಬೀಳುತ್ತದೆ, 8 ರೂ.ಗೆ ಕೊಂಡ ಒಣಹುಲ್ಲಿನಲ್ಲಿ 9 ರೂ. ಮಾತ್ರ. ಹಾಗೆಂದು ಹಸಿಯನ್ನು ಪೂರ್ತಿ ನಿಲ್ಲಿಸುವಂತಿಲ್ಲ. ‘ಎ’ ಜೀವಸತ್ವ ದನಕ್ಕೆ ಸಿಗುವುದು ಹಸಿರಿನಿಂದ. ಗಬ್ಬದ ಹಸುವಿಗೂ ಕರುವಿಗೂ ಅದು ಬೇಕೇ ಬೇಕು. ಹೊಟ್ಟೆ ತುಂಬಿಸಲು ಒಣಹುಲ್ಲು, ಆರೋಗ್ಯಕ್ಕೆ ದಿನಕ್ಕೆ ನಾಲ್ಕೈದು ಕೆ.ಜಿ. ಹಸಿ ಎಂಬುದು ಬರಗಾಲದ ಹದ. ಬದುವಿನ ಅಗಸೆ, ಗ್ಲಿರಿಸಿಡಿಯಾ, ಸುಬಾಬುಲ್ ಸೊಪ್ಪು ಈ ಕೊರತೆಯನ್ನು ದುಡ್ಡಿಲ್ಲದೆ ತುಂಬುತ್ತದೆ. ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರಬಾರದು.

ಹಿಂಡಿಯನ್ನು ಪ್ರೋಟೀನಿನ ಲೆಕ್ಕದಲ್ಲಿ ಕೊಳ್ಳಬೇಕು. 50 ರೂ.ನ ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನ್ ಸುಮಾರು ಶೇ 40. ನೂರು ಗ್ರಾಂ ಪ್ರೋಟೀನಿಗೆ 12.50 ರೂ. 26 ರೂ.ನ ಗೋಧಿ ಬೂಸದಲ್ಲಿ ಶೇ 14. ನೂರು ಗ್ರಾಮಿಗೆ 18 ರೂ. ಮೀರುತ್ತದೆ. ಒಣಹುಲ್ಲಿನಲ್ಲಿ ಪ್ರೋಟೀನ್ ಶೇ 3–4 ಮಾತ್ರ ಇರುವುದರಿಂದ, ಅರ್ಧ ಕೆ.ಜಿ. ಹಿಂಡಿ ತಪ್ಪಿಸಿ ಎರಡು ಕೆ.ಜಿ. ಹುಲ್ಲು ಹೆಚ್ಚಿಗೆ ಹಾಕುವುದು ಉಳಿತಾಯವಲ್ಲ. ಪ್ರೋಟೀನ್ ಸಾಲದಿದ್ದರೆ ತಿಂದ ಹುಲ್ಲೂ ಸರಿಯಾಗಿ ಅರಗುವುದಿಲ್ಲ.

ಇರುವ ಹುಲ್ಲನ್ನು ಹಿಗ್ಗಿಸುವುದು

ಉದ್ದ ಹುಲ್ಲನ್ನು ಗೊಂತಿಗೆ ಹಾಕಿದರೆ ದನ ಎಲೆಭಾಗ ಆರಿಸಿ ತಿಂದು ದಂಟು ಬಿಡುತ್ತದೆ. ಆ ಮನೆಯಲ್ಲಿ ಒಂದು ರಾತ್ರಿ ಎರಡು ಹಸುಗಳಿಗೆ 14 ಕೆ.ಜಿ. ಹಾಕಿ, ಬೆಳಿಗ್ಗೆ ಉಳಿದದ್ದನ್ನು ಗುಡಿಸಿ ತೂಗಿದಾಗ ಮೂರೂವರೆ ಕೆ.ಜಿ. ಇತ್ತು, ಗಂಜಲದಲ್ಲಿ ನೆನೆದ ಅದನ್ನು ತಿಪ್ಪೆಗೇ ಹಾಕಬೇಕಾಯಿತು. ಯಂತ್ರದಲ್ಲಿ ಕತ್ತರಿಸಿ ಹಾಕಿದ ರಾತ್ರಿ ಉಳಿದದ್ದು ಒಂದು ಕೆ.ಜಿ. ಹುಲ್ಲು 14 ರೂ. ಇದ್ದ ತಿಂಗಳಲ್ಲಿ ಆ ಎರಡೂವರೆ ಕೆ.ಜಿ. ಎಂದರೆ ದಿನಕ್ಕೆ 35 ರೂ.

ಎರಡನೆಯ ಉಪಾಯ ಯೂರಿಯಾ ಉಪಚಾರ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ತಾಡಪಾಲು ಮುಚ್ಚಿ 21 ದಿನ ಬಿಡಬೇಕು. ಹುಲ್ಲಿನ ಪ್ರೋಟೀನ್ ಸುಮಾರು ಇಮ್ಮಡಿಯಾಗುತ್ತದೆ, ದಂಟು ಮೆದುವಾಗುತ್ತದೆ. 45 ಕೆ.ಜಿ. ಚೀಲಕ್ಕೆ 266.50 ರೂ. ದರದಲ್ಲಿ 4 ಕೆ.ಜಿ.ಗೆ ತಗಲುವುದು 24 ರೂ. ಹೊರತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಹರಡಿ ತಿನ್ನಿಸಬೇಕು. ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು. ಯೂರಿಯಾ ಕರಗಿಸಿದ ನೀರನ್ನು ದನ ಬಾಯಿ ಹಾಕುವ ಜಾಗದಲ್ಲಿ ಇಡಲೇಬಾರದು. ಅದು ಪ್ರಾಣ ತೆಗೆಯುತ್ತದೆ.

ಗೋಮಾಳ ಮತ್ತು ಒಣಗಿದ ಬೆಳೆ

ಕರ್ನಾಟಕದ ಭೂಕಂದಾಯ ನಿಯಮದಂತೆ ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು. ಅಂದರೆ ಒಂದು ದನಕ್ಕೆ 12 ಗುಂಟೆ. ಒಳ್ಳೆಯ ವರ್ಷದಲ್ಲೂ ಇಷ್ಟು ನೆಲ ಒಂದು ದನವನ್ನು ವರ್ಷವಿಡೀ ಸಾಕಲಾರದು; ಒತ್ತುವರಿಯಾದ ಊರುಗಳಲ್ಲಿ ಅದೂ ಇಲ್ಲ. ಬರಿದಾದ ಗೋಮಾಳದಲ್ಲಿ ಬಿಸಿಲಿನಲ್ಲಿ ಸುತ್ತಿದ ದನ ತಿಂದು ಗಳಿಸುವುದಕ್ಕಿಂತ ನಡೆದು ಕಳೆಯುವುದೇ ಹೆಚ್ಚು. ಮಾರ್ಚ್‌ನಿಂದ ಮೇವರೆಗೆ ನೆರಳಿನಲ್ಲಿ ಕಟ್ಟಿ, ಸಾಕಷ್ಟು ನೀರು ಕೊಟ್ಟು, ಮೇವು ಹಾಕುವುದೇ ಲಾಭ. ಮೊದಲ ಮಳೆಗೆ ಹಸಿರಾದ ಕೂಡಲೇ ದನ ಬಿಟ್ಟರೆ ಚಿಗುರು ಬೇರುಸಹಿತ ಹೋಗುತ್ತದೆ. ಎರಡು ಮೂರು ವಾರ ತಡೆದರೆ ಅದೇ ನೆಲ ಇಡೀ ಮಳೆಗಾಲ ಮೇಯಿಸುತ್ತದೆ.

ತೆನೆ ಕಟ್ಟದೆ ಬಾಡಿದ ಜೋಳದ ಹೊಲಕ್ಕೆ ದನ ಬಿಡುವುದು ಅಪಾಯ. ಎಳೆಯ, ನೀರಿಲ್ಲದೆ ಕುಂಠಿತವಾದ ಜೋಳದಲ್ಲೂ ಕೂಳೆಯ ಚಿಗುರಿನಲ್ಲೂ ಸೈನೈಡ್ ವಿಷ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಏದುಸಿರು, ತೂರಾಟ, ನಂತರ ಸಾವು. ಅದನ್ನು ಕೊಯ್ದು ಚೆನ್ನಾಗಿ ಒಣಗಿಸಿದರೆ ವಿಷ ತಗ್ಗುತ್ತದೆ. ಕಬ್ಬಿನ ಸೋಗೆಯನ್ನೇ ನೆಚ್ಚಿಕೊಂಡವರು ಖನಿಜ ಮಿಶ್ರಣ ತಪ್ಪಿಸಬಾರದು. ಸೋಗೆಯ ಆಕ್ಸಲೇಟ್ ದನದ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ.

ಸಾಲ ಮತ್ತು ವಿಮೆ

ಮೇವಿಗೆ ಸಾಲ ಮಾಡಬೇಕಾದರೆ ಡಿಸೆಂಬರಿನಲ್ಲೇ, ಬ್ಯಾಂಕಿನಲ್ಲೇ ಮಾಡಬೇಕು. ಹೈನುಗಾರಿಕೆಯ ನಿರ್ವಹಣೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಸಿಗುತ್ತದೆ. 2 ಲಕ್ಷ ರೂ.ವರೆಗೆ ಬಡ್ಡಿ ಶೇ 7, ಸಕಾಲಕ್ಕೆ ತೀರಿಸಿದರೆ ಶೇ 4. ಅರ್ಜಿ, ಪಹಣಿ, ಓಡಾಟಕ್ಕೆ ವಾರಗಳು ಬೇಕು. ಮೆದೆ ಮುಗಿದ ಮೇಲೆ ಹೊರಟವರಿಗೆ ಉಳಿಯುವುದು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯ ಕೈಸಾಲ. ಆ ಮನೆ 40,000 ರೂ. ಹಾಗೆ ತಂದು ಆರು ತಿಂಗಳಿಗೆ 7,200 ರೂ. ಬಡ್ಡಿ ಕಟ್ಟಿತು, ಶೇ 4ರ ಲೆಕ್ಕದಲ್ಲಿ ಅದು 800 ರೂ. ಆಗುತ್ತಿತ್ತು. ಜಾನುವಾರು ವಿಮೆ ದನ ಸತ್ತರೆ ಹಣ ಕೊಡುತ್ತದೆ, ಮೇವಿನ ಖರ್ಚಿಗಲ್ಲ. ಸರ್ಕಾರದ ಗೋಶಾಲೆ, ರಿಯಾಯಿತಿ ದರದ ಮೇವು ಬ್ಯಾಂಕು ಆಪತ್ತಿನಲ್ಲಿ ಆಸರೆಯೇ ಹೌದು. ಆದರೆ ಅವು ತೆರೆಯುವ ದಿನ ರೈತನ ಕೈಯಲ್ಲಿಲ್ಲ.

ತಡದ ಬೆಲೆ

ಡಿಸೆಂಬರಿನಲ್ಲಿ ಎತ್ತು ಮಾರಿದ್ದರೆ ದಿನದ ಅಗತ್ಯ 30 ಕೆ.ಜಿ.ಗೆ ಇಳಿದು, ಕೊರತೆ ಬೀಳುತ್ತಿದ್ದದ್ದು 3,900 ಕೆ.ಜಿ. ಮಾತ್ರ. 8 ರೂ. ದರದಲ್ಲಿ ಅದಕ್ಕೆ 31,200 ರೂ.; ಎತ್ತಿನ ದುಡ್ಡಿನಲ್ಲೇ ಹೋಗುತ್ತಿತ್ತು. ಆ ಮನೆ 11ರಿಂದ 14 ರೂ.ವರೆಗೆ ಕೊಟ್ಟು ಹುಲ್ಲಿಗೆ ಸುರಿದದ್ದು 74,000 ರೂ. ಇದರಲ್ಲಿ ಹೆಚ್ಚುವರಿ 42,800, ಎತ್ತಿನ ಬೆಲೆಯಲ್ಲಿ ಕಳೆದದ್ದು 28,000, ಬಡ್ಡಿ 7,200. ನಾಲ್ಕು ತಿಂಗಳ ತಡಕ್ಕೆ ತೆತ್ತದ್ದು 78,000 ರೂ. ಎತ್ತುಗಳೂ ಉಳಿಯಲಿಲ್ಲ.

2024ರಲ್ಲಿ ಮಳೆ ಚೆನ್ನಾಗಿ ಆಯಿತು. ರಾಗಿ ಒಕ್ಕಣೆ ಮುಗಿದ ವಾರವೇ ಆ ಮನೆಯಲ್ಲಿ ಹೊರೆಗಳನ್ನು ತೂಗಿದರು. ಮೆದೆಯಲ್ಲಿ 7,500 ಕೆ.ಜಿ. ಇತ್ತು. ಐದು ಬಾಯಿಗೆ ದಿನಕ್ಕೆ 32 ಕೆ.ಜಿ.ಯಂತೆ 210 ದಿನಕ್ಕೆ ಬೇಕಾದದ್ದು 6,720 ಕೆ.ಜಿ. ಉಳಿಕೆ 780 ಕೆ.ಜಿ.ಯನ್ನು ಮಾರಲಿಲ್ಲ. ಗೆದ್ದಲು ಹತ್ತದಂತೆ ಕಲ್ಲಿನ ಮೇಲೆ ಬೇರೆಯಾಗಿ ಒಟ್ಟಿ, ತಾಡಪಾಲು ಹೊದಿಸಿ, ಮುಂದಿನ ವರ್ಷಕ್ಕೆಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟರು.