ಮೂರೂ ಕೆಲಸ ಒಂದೇ ವಾರ್ಡಿನಲ್ಲಿ

ವೈದ್ಯಕೀಯ ಕಾಲೇಜಿನಲ್ಲಿ ಪಾಠಕ್ಕೊಂದು ಗಂಟೆ, ಓಪಿಡಿಗೊಂದು ಗಂಟೆ ಇರುತ್ತದೆ. ಸಂಶೋಧನೆಗೆ ಉಳಿಯುವುದು ರಾತ್ರಿ. ಬಡ್ತಿಯ ಅರ್ಜಿಯಲ್ಲೂ ಮೂರಕ್ಕೆ ಮೂರು ಪುಟ. ಹಳೇ ಮೈಸೂರು ಸೀಮೆಯಲ್ಲಿ ಜನರಲ್ ಮೆಡಿಸಿನ್ ಕಲಿಸುತ್ತ ಬಂದ ನನಗೆ, ಹೀಗೆ ಪಾಲು ಮಾಡಿದಾಗೆಲ್ಲ ಮೂರೂ ಸೊರಗಿದ್ದು ಕಂಡಿದೆ. ಮೂರೂ ಕೂಡುವ ಜಾಗ ವಾರ್ಡು. ಅಲ್ಲಿ ಕಲಿತ ಕೆಲವು ಪಾಠಗಳನ್ನು ಕಿರಿಯ ಸಹೋದ್ಯೋಗಿಗಳಿಗಾಗಿ ಬರೆದಿಡುತ್ತಿದ್ದೇನೆ.

1. ಪ್ರಶ್ನೆ ರೋಗಿಯ ಬಾಯಿಂದ ಬರಲಿ.

ನಮ್ಮ ಪಿಜಿಗಳು ಮೊದಲ ವರ್ಷದಲ್ಲೇ ಥೀಸಿಸ್‌ಗೆ ವಿಷಯ ಹುಡುಕಬೇಕು. ಲೈಬ್ರರಿಯಲ್ಲಿ ಹಳೆಯ ಥೀಸಿಸ್‌ಗಳನ್ನು ತಿರುವಿ, ಊರ ಹೆಸರು ಬದಲಿಸಿ ಸಿನಾಪ್ಸಿಸ್ ಬರೆಯುತ್ತಾರೆ. ಅವರನ್ನು ನಾನು ಓಪಿಡಿಗೆ ಕಳಿಸಿ, ಬಿಸಿನೀರಿನ ಮೂರ್ಛೆಯ ಕತೆ ಹೇಳುತ್ತೇನೆ.

ತಲೆಗೆ ಸ್ನಾನ ಮಾಡುವಾಗ ಮಗು ಕಣ್ಣು ಮೇಲೆ ಮಾಡಿ ಬಿತ್ತು ಎಂದು ತಾಯಂದಿರು ಹೇಳುತ್ತಿದ್ದರು. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದರ ಹಿಂದೊಂದು ನೆತ್ತಿಗೆ ಹೊಯ್ಯುವುದು ನಮ್ಮ ಮನೆಗಳ ಪದ್ಧತಿ. ತಾಯಂದಿರ ಮಾತನ್ನು ಅಜ್ಜಿ ಕತೆ ಎಂದು ಬಿಟ್ಟುಬಿಡಬಹುದಿತ್ತು. ಬೆಂಗಳೂರಿನ ಡಾ. ಕೆ.ಎಸ್. ಮಣಿ ಬಿಡಲಿಲ್ಲ, 1960ರ ದಶಕದ ಕೊನೆಯಿಂದಲೇ ಇಂಥ ರೋಗಿಗಳ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ದಕ್ಷಿಣ ಕರ್ನಾಟಕದಲ್ಲಿ ಇದು ಎಷ್ಟು ಸಾಮಾನ್ಯ ಎಂಬುದು ಜಗತ್ತಿಗೆ ಗೊತ್ತಾದದ್ದು ಹಾಗೆ. ಪರಿಹಾರವೂ ಬಚ್ಚಲಿಗೆ ಹೊಂದುವಂಥದ್ದೇ: ನೀರಿನ ಬಿಸಿ ತಗ್ಗಿಸುವುದು, ಅಷ್ಟಕ್ಕೆ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೊಬಜಾಮ್ ಮಾತ್ರೆ. ಎಷ್ಟೋ ಜನರಿಗೆ ವರ್ಷಗಟ್ಟಲೆ ದಿನಾ ಮಾತ್ರೆ ನುಂಗುವುದು ತಪ್ಪಿತು.

ಮೂರ್ಛೆಯ ರೋಗಿ ಬಂದರೆ ನನ್ನ ವಿದ್ಯಾರ್ಥಿ ಸ್ಕ್ಯಾನ್‌ಗೆ ಚೀಟಿ ಬರೆಯುವ ಮೊದಲು, ಆಗ ಏನು ಮಾಡುತ್ತಿದ್ದಿರಿ ಎಂದು ಕೇಳಬೇಕು. ಚಿಕಿತ್ಸೆಗೂ ಸಂಶೋಧನೆಗೂ ಬೇಕಾದದ್ದು ಅದೇ ಪ್ರಶ್ನೆ.

2. ಕೇಸ್ ಶೀಟನ್ನು ಮುಂದೆ ಯಾರೋ ಓದುತ್ತಾರೆಂದು ಬರೆಯಿರಿ.

ಹಾವು ಕಚ್ಚಿದ ರೋಗಿಯ ಹಾಳೆಯಲ್ಲಿ ‘ಹಾವು ಕಡಿತ, ನಿನ್ನೆ’ ಎಂದಷ್ಟೇ ಇದ್ದರೆ ರೌಂಡ್ಸ್ ಅಲ್ಲಿಗೇ ನಿಲ್ಲಿಸುತ್ತೇನೆ. ಎಷ್ಟು ಹೊತ್ತಿಗೆ ಕಚ್ಚಿತು? ಗದ್ದೆಯಲ್ಲೋ, ಮಲಗಿದ್ದಾಗಲೋ? ಯಾರ ಹತ್ತಿರ ಮೊದಲು ಹೋದರು? ಮೊದಲ ಆಂಟಿವೆನಮ್ ಎಷ್ಟು ಗಂಟೆಗೆ, ಎಷ್ಟು ವಯಲ್? ಇಷ್ಟಿದ್ದರೆ ರಾತ್ರಿ ಡ್ಯೂಟಿಯವರಿಗೆ ದಾರಿ ಕಾಣುತ್ತದೆ, ಮರುವರ್ಷದ ಬ್ಯಾಚಿಗೆ ಪಾಠವಾಗುತ್ತದೆ. ಇಂಥ ಹಾಳೆಗಳು ಸಾಲಾಗಿ ಸೇರಿದರೆ ನಮ್ಮ ತಾಲ್ಲೂಕುಗಳಲ್ಲಿ ಜನ ಎಲ್ಲಿ ತಡವಾಗುತ್ತಿದ್ದಾರೆಂದು ತಿಳಿಯುತ್ತದೆ. ರೆಕಾರ್ಡ್ ಸೆಕ್ಷನ್ನಿನ ಸಿಬ್ಬಂದಿಯನ್ನು ಯೂನಿಟ್ ಮೀಟಿಂಗಿಗೆ ಕರೆಯಿರಿ. ಅವರು ಸಂಶೋಧನೆಯಲ್ಲಿ ಪಾಲುದಾರರು.

3. ವಿದ್ಯಾರ್ಥಿಯ ಕೈಗೆ ನಿಜವಾದ ಕೆಲಸ ಕೊಡಿ.

ಹಾವು ಕಚ್ಚಿದ ರೋಗಿಯ ರಕ್ತ ಎರಡು ಮಿಲಿ, ಒಣಗಿದ ಶುಚಿಯಾದ ಗಾಜಿನ ನಳಿಗೆ. ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ನಮ್ಮ ಕಡೆ ಮೊದಲ ಅನುಮಾನ ಕೊಳಕುಮಂಡಲದ ಮೇಲೆ. ಪ್ಲಾಸ್ಟಿಕ್ ನಳಿಗೆ ಆಗದು, ಸೋಪಿನ ಪುಡಿ ಹಾಕಿ ತೊಳೆದ ಗಾಜೂ ಆಗದು. ಅವುಗಳಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಈ ಪರೀಕ್ಷೆಯನ್ನು ಕ್ಯಾಶುಯಲ್ಟಿಯಲ್ಲಿ ಹೌಸ್ ಸರ್ಜನ್ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ಮೂರನೇ ವರ್ಷದವರನ್ನು ಗಡಿಯಾರ ನೋಡಲು ನಿಲ್ಲಿಸಿ. ಆ ಇಪ್ಪತ್ತು ನಿಮಿಷದಲ್ಲಿ ರಕ್ತ ಹೆಪ್ಪುಗಟ್ಟುವ ಬಗೆಯನ್ನು ಕೇಳಿದರೆ, ಮೊದಲ ವರ್ಷದ ಫಿಸಿಯಾಲಜಿ ತಲೆಗೆ ಇಳಿಯುತ್ತದೆ. ಎದುರಿಗೆ ಮಲಗಿರುವ ರೈತನಿಗೆ ಆಂಟಿವೆನಮ್ ಕೊಡಬೇಕೇ ಎಂಬುದು ಆ ಪರೀಕ್ಷೆಯ ಮೇಲೆ ನಿಂತಿದೆಯೆಂದು ಅವರಿಗೆ ಗೊತ್ತಿರುತ್ತದೆ.

2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮ ಮೊದಲ ವರ್ಷದಿಂದಲೇ ರೋಗಿಗಳ ಬಳಿ ಹೋಗಿ ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಹಾಜರಿ ಹಾಕಿಸಿ ಸಾಲಾಗಿ ನಿಲ್ಲಿಸಿದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

4. ರೋಗಿ ನಮ್ಮ ಪಾಠಕ್ಕಾಗಿ ಬಂದವರಲ್ಲ.

ಉಬ್ಬಸದಿಂದ ಮಾತಾಡಲಾರದ ಹೆಂಗಸಿನ ಬೆನ್ನಿಗೆ ಹತ್ತು ಸ್ಟೆತಸ್ಕೋಪು ಇಡುವುದು ನೋಡಿ ನನಗೆ ಸಂಕಟವಾಗಿದೆ. ‘ಅಮ್ಮ, ಇಬ್ಬರು ಹುಡುಗರು ನೋಡಬಹುದಾ?’ ಎಂದು ಮೊದಲು ಕೇಳಿ. ಬೇಡ ಎಂದರೆ ಮುಂದಿನ ಹಾಸಿಗೆಗೆ ಹೋಗಿ.

ಒಪ್ಪಿಗೆ ಪತ್ರದ್ದು ಇನ್ನೂ ದೊಡ್ಡ ವಿಷಯ. ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಒಪ್ಪಿಗೆಯಾಗುವುದಿಲ್ಲ. ರೋಗಿಯ ಮಗನನ್ನೋ ಸೊಸೆಯನ್ನೋ ಕೂರಿಸಿಕೊಂಡು, ಎಷ್ಟು ರಕ್ತ ಹೆಚ್ಚಿಗೆ ತೆಗೆಯುತ್ತೇವೆ, ಯಾಕೆ, ಇದರಿಂದ ಅವರಿಗೇನೂ ಲಾಭವಿಲ್ಲದಿರಬಹುದು, ಒಲ್ಲೆ ಎಂದರೂ ಔಷಧಿ ಅದೇ ಸಿಗುತ್ತದೆ ಎಂದು ಹೇಳಬೇಕು. ಕೊನೆಯ ಮಾತನ್ನು ಎರಡು ಸಲ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಇಲ್ಲ ಎನ್ನಲು ಬಡವರು ಹೆದರುತ್ತಾರೆ. ಹೊರರಾಜ್ಯದಿಂದ ಬಂದ ಪಿಜಿಗಳು ಇಷ್ಟು ಕನ್ನಡ ಕಲಿಯುವ ತನಕ ರೋಗಿಯಿಂದ ಒಪ್ಪಿಗೆ ಪಡೆಯಲು ನಾನು ಬಿಡುವುದಿಲ್ಲ.

5. ಎಲ್ಲರೂ ಮೂರನ್ನೂ ಸಮನಾಗಿ ಮಾಡಬೇಕಿಲ್ಲ.

ಯೂನಿಟ್ಟಿನಲ್ಲಿ ಒಬ್ಬರಿಗೆ ಕಲಿಸುವುದು ಒಲಿದಿರುತ್ತದೆ, ಇನ್ನೊಬ್ಬರಿಗೆ ಅಂಕಿಅಂಶ. ಯೂನಿಟ್ ಒಟ್ಟಾಗಿ ಮೂರನ್ನೂ ಮಾಡಿದರೆ ಸಾಕು. ಬಡ್ತಿಗೆ ಲೇಖನಗಳನ್ನು ಮಾತ್ರ ಎಣಿಸುವ ಕಡೆ ಚೆನ್ನಾಗಿ ಕಲಿಸುವವರು ಹಿಂದೆ ಬೀಳುತ್ತಾರೆ. ಇದನ್ನು ಸರಿಪಡಿಸುವುದು ವಿಭಾಗ ಮುಖ್ಯಸ್ಥರ ಹೊಣೆ.

6. ಕಂಡುಕೊಂಡದ್ದನ್ನು ರೋಗಿಯ ಊರಿಗೆ ಮುಟ್ಟಿಸಿ.

ಡಾ. ಮಣಿಯವರ ತಂಡ ಯಳಂದೂರಿನಲ್ಲಿ ಮನೆಮನೆಗೆ ಹೋಗಿ ಮೂರ್ಛೆರೋಗಿಗಳನ್ನು ಗುರುತಿಸಿತು. ಎಣಿಸಿ ಹೊರಟುಬಿಡಲಿಲ್ಲ, ಫೀನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದ ಅವರಿಗೆ ಅಲ್ಲೇ ಚಿಕಿತ್ಸೆಯನ್ನೂ ಕೊಟ್ಟಿತು. ನಾನು ವಿದ್ಯಾರ್ಥಿಗಳ ಮುಂದಿಡುವ ಮಾದರಿ ಇದು.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ವರದಿ ಕಳಿಸಿದರೆ ಕಾಲೇಜಿನ ಕೆಲಸ ಮುಗಿಯದು. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ರೋಗಿಗಳು ಆಂಟಿವೆನಮ್ ಇಲ್ಲದೆ ನಮ್ಮಲ್ಲಿಗೆ ಬರುತ್ತಿದ್ದಾರೆಂದು ಪಟ್ಟಿ ಮಾಡಿ. ಅಲ್ಲಿಗೆ ಪಿಜಿ ಮತ್ತು ಇಬ್ಬರು ಹೌಸ್ ಸರ್ಜನ್‌ಗಳು ಹೋಗಲಿ. ಗಾಜಿನ ನಳಿಗೆಯ ಪರೀಕ್ಷೆಯನ್ನು ಅಲ್ಲಿನ ಡಾಕ್ಟರಿಗೂ ಸಿಸ್ಟರಿಗೂ ತೋರಿಸಲಿ. ಆಂಟಿವೆನಮ್ ಕೊಟ್ಟಾಗ ಅಲರ್ಜಿಯಾದರೆ ಅಡ್ರಿನಲಿನ್ ಎಷ್ಟು, ಎಲ್ಲಿಗೆ ಎಂದು ಗೋಡೆಗೆ ಅಂಟಿಸಿ, ಯೂನಿಟ್ಟಿನ ಫೋನ್ ನಂಬರನ್ನೂ ಬರೆದು ಬರಲಿ.