ನೀಲಗಿರಿಯ ಜೀಪು ಮತ್ತು ಅದರ ಹುಡ್ಡಿನ ದುರಸ್ತಿ

ಮಡಚಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಮೇಲ್ಛಾವಣಿಯುಳ್ಳ ದುಬಾರಿ ಕಾರುಗಳು ನೀಲಗಿರಿ ಜಿಲ್ಲೆಯಲ್ಲಿ ಅಪರೂಪವಾದರೂ, ಅದೇ ಜಾತಿಯ ಜೀಪು ಮಸಿನಗುಡಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವುದಕ್ಕೂ ಗೂಡಲೂರಿನ ತೋಟಗಳ ಓಡಾಟಕ್ಕೂ ಇಂದಿಗೂ ಬಳಕೆಯಲ್ಲಿದೆ. ಮಹೀಂದ್ರಾ ಸಂಸ್ಥೆಯು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದಂದಿನಿಂದ 1985ರ ಮಾರುತಿ ಜಿಪ್ಸಿ ಮತ್ತು 2010ರ ಥಾರ್‌ವರೆಗೆ ಎಂಜಿನ್ನುಗಳು ಎಷ್ಟೇ ಬದಲಾಗಿದ್ದರೂ ಹುಡ್ಡಿನ ತತ್ತ್ವ ಹೆಚ್ಚು ಬದಲಾಗಿಲ್ಲ: ಕಮಾನಿನಂತೆ ಬಗ್ಗಿಸಿದ ಕೊಳವೆಗಳ ಮೇಲೆ, ಅಂದರೆ ಕಂಬಿಗಳ ಮೇಲೆ, ಬಟ್ಟೆಯನ್ನು ಎಳೆದು ಹಾಸಿ ಅದರ ಅಂಚುಗಳನ್ನು ಪಟ್ಟಿ, ಬಕಲ್ ಮತ್ತು ಪ್ರೆಸ್ ಬಟನ್‌ಗಳಿಂದ ವಾಹನದ ಮೈಗೆ ಬಿಗಿಯಲಾಗುತ್ತದೆ. ಈ ಬಟ್ಟೆಯು ಹಳೆಯ ಜೀಪುಗಳಲ್ಲಿ ಮೇಣ ಹಿಡಿಸಿದ ಹತ್ತಿಯ ಕ್ಯಾನ್ವಾಸ್ ಆಗಿರುತ್ತಿತ್ತು. ಈಗ ಬಹುಪಾಲು ರೆಕ್ಸಿನ್, ಎಂದರೆ ನೇಯ್ದ ಬಟ್ಟೆಯ ಮೇಲೆ ಪಿವಿಸಿ ಲೇಪಿಸಿದ ವಸ್ತು.

ಹುಡ್ಡನ್ನು ಮನೆಯಂಗಳದಲ್ಲೇ ದುರಸ್ತಿ ಮಾಡಿಕೊಂಡವರ ಅನುಭವ ಮೊದಲಿಗೆ ಕಲಿಸುವ ಪಾಠವೆಂದರೆ, ಕಣ್ಣಿಗೆ ಬೀಳುವ ಹರಕು ಸಾಮಾನ್ಯವಾಗಿ ರೋಗವಲ್ಲ, ರೋಗದ ಲಕ್ಷಣ. ಉದಕಮಂಡಲದಿಂದ ಕಲ್ಲಟ್ಟಿಯ ಮೂಲಕ ಮಸಿನಗುಡಿಗೆ ಇಳಿಯುವ ರಸ್ತೆಯ 36 ಹೇರ್‌ಪಿನ್ ತಿರುವುಗಳಲ್ಲಿ ವಾಹನದ ಮೈ ಪ್ರತಿ ಸಲವೂ ಸ್ವಲ್ಪ ತಿರುಚಿಕೊಳ್ಳುವುದರಿಂದ ಕಂಬಿಯ ಬೋಲ್ಟುಗಳು ಸಡಿಲಾಗುತ್ತವೆ, ಸಡಿಲಾದ ಕಂಬಿ ಬಟ್ಟೆಯ ಒಳಮೈಯನ್ನು ಉಜ್ಜುತ್ತದೆ, ಉಜ್ಜಿದ ಜಾಗ ಸವೆದು ಕೊನೆಗೆ ಹರಿಯುತ್ತದೆ. ಕಂಬಿಯನ್ನು ಬಿಟ್ಟು ಬಟ್ಟೆಗೆ ಮಾತ್ರ ತೇಪೆ ಹಾಕಿದರೆ ಆ ತೇಪೆಯೂ ಅದೇ ಗೆರೆಯಲ್ಲಿ ಹರಿಯುವುದು ಖಚಿತ. ಆದ್ದರಿಂದ ಮೊದಲು ಹುಡ್ಡನ್ನು ಪೂರ್ತಿ ಬಿಚ್ಚಿ, ಕಂಬಿಯ ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ಬಟ್ಟೆ ತಾಗುವ ಜಾಗಕ್ಕೆ ನೈಲಾನ್ ಪಟ್ಟಿ ಸುತ್ತುವುದು ಲೇಸು. ಹಳೆಯ ಟೈರ್ ಟ್ಯೂಬನ್ನು ಸೀಳಿ ಸುತ್ತುವ ರೂಢಿ ಇದೆಯಾದರೂ ರಬ್ಬರು ಕಾಲಕ್ರಮೇಣ ರೆಕ್ಸಿನ್ನಿನಲ್ಲಿ ಕಲೆ ಬಿಡುತ್ತದೆ.

ಸೋರಿಕೆಯ ಮೂಲವನ್ನು ಹುಡುಕುವುದು ಹೊಲಿಗೆಗಿಂತ ಕಷ್ಟದ ಕೆಲಸ. ನೀರು ಒಳಬರುವುದು ಒಂದೆಡೆಯಾದರೆ, ಕಂಬಿಯ ಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದೆಡೆ. ಒಬ್ಬರು ಹೊರಗಿನಿಂದ ಕೆಳಗಿನ ಹೊಲಿಗೆಯಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಪೈಪಿನಲ್ಲಿ ನೀರು ಬಿಡುತ್ತ ಹೋಗಬೇಕು, ಇನ್ನೊಬ್ಬರು ಒಳಗೆ ಕುಳಿತು ಒಳಮೈ ಒದ್ದೆಯಾದ ಮೊದಲ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಹೀಗೆ ಮಾಡಿದಾಗ ದೋಷ ಬಹಳ ಸಲ ಹೊಲಿಗೆಯ ಸೂಜಿರಂಧ್ರಗಳಲ್ಲಿ ಅಥವಾ ರೆಕ್ಸಿನ್ನಿನ ಕತ್ತರಿಸಿದ ಅಂಚಿನಲ್ಲಿ ಕಾಣುತ್ತದೆ, ಏಕೆಂದರೆ ಅಂಚಿನಲ್ಲಿ ಬಯಲಾದ ನೂಲು ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಹಳೆಯ ಹೊಲಿಗೆ ಬಿಟ್ಟಿದ್ದರೆ ದಬ್ಬಳವನ್ನು ಹಳೆಯ ರಂಧ್ರಗಳಲ್ಲೇ ಹಾಯಿಸಬೇಕು. ಹೊಸ ರಂಧ್ರಗಳ ಸಾಲು ಬಿದ್ದರೆ ಬಟ್ಟೆ ಅದೇ ಸಾಲಿನಲ್ಲಿ ಸೀಳಿಕೊಳ್ಳುತ್ತದೆ. ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂಬ ನಂಬಿಕೆ ಇಲ್ಲಿ ಸಲ್ಲದು, ಸುಮಾರು 4 ಮಿಲಿಮೀಟರ್ ಅಂತರ ಸಾಕು. ದಾರದ ಆಯ್ಕೆಯಲ್ಲೂ ವಿವೇಚನೆ ಬೇಕು: ಹತ್ತಿಯ ದಾರ ನೆನೆದಾಗ ಉಬ್ಬಿ ಕ್ಯಾನ್ವಾಸಿನ ರಂಧ್ರವನ್ನು ತಾನೇ ಮುಚ್ಚುತ್ತದೆ, ಆದರೆ ಬೇಗ ಕೊಳೆಯುತ್ತದೆ, ಪಾಲಿಯೆಸ್ಟರ್ ದಾರ ಕೊಳೆಯದು, ಆದರೆ ರಂಧ್ರವನ್ನು ಮುಚ್ಚದು, ಆದ್ದರಿಂದ ರೆಕ್ಸಿನ್ನಿಗೆ ಅದನ್ನೇ ಬಳಸಿ ಹೊಲಿಗೆಯ ಮೇಲೆ ಸೀಮ್ ಸೀಲರ್ ಹಚ್ಚಬೇಕಾಗುತ್ತದೆ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸದಿದ್ದರೆ ಅವೇ ಮೊದಲು ಏಳುತ್ತವೆ. ಪಂಕ್ಚರ್ ಅಂಗಡಿಯ ಸಲ್ಯೂಷನ್ನಿನಿಂದ ಅಂಟಿಸಿದ ತೇಪೆಯಂತೂ ನಿಲ್ಲುವುದಿಲ್ಲ: ಪಿವಿಸಿಯನ್ನು ಮೆದುವಾಗಿಡಲು ಸೇರಿಸಿದ ಎಣ್ಣೆಯಂಥ ದ್ರವ್ಯ ಮೆಲ್ಲಗೆ ಹೊರಬಂದು ಆ ಅಂಟನ್ನು ಸಡಿಲಿಸುವುದರಿಂದ, ಪಿವಿಸಿಗೆಂದೇ ಮಾರುವ ಅಂಟನ್ನು ಕೇಳಿ ತರಬೇಕು.

ಸ್ಥಳದ ಹವೆಯನ್ನು ಮರೆತು ಮಾಡಿದ ದುರಸ್ತಿ ಬಾಳುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಉದಕಮಂಡಲದಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಇರುವುದರಿಂದ ರೆಕ್ಸಿನ್ ಸೆಟೆದುಕೊಳ್ಳುತ್ತದೆ, ಹಿಂಬದಿಯ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಮಡಿಕೆಯಲ್ಲೇ ಬಿರಿಯುತ್ತದೆ. ಅಳತೆ ತೆಗೆಯುವುದು, ಎಳೆದು ಬಿಗಿಯುವುದು ಇವೆಲ್ಲ ಬಿಸಿಲೇರಿದ ಮೇಲಿನ ಕೆಲಸ. ನೈಋತ್ಯ ಮುಂಗಾರು ನೇರವಾಗಿ ಅಪ್ಪಳಿಸುವ ಗೂಡಲೂರಿನಲ್ಲಿ ಶತ್ರು ಬೂಷ್ಟು. ಒದ್ದೆ ಹುಡ್ಡನ್ನು ಮಡಚಿಟ್ಟರೆ ಮಡಿಕೆಯಲ್ಲಿ ಕಪ್ಪು ಚುಕ್ಕೆಗಳೆದ್ದು ಕ್ಯಾನ್ವಾಸಿನ ನೂಲೇ ಕೊಳೆಯುತ್ತದೆ. ಮಳೆಯ ನೆರಳಿನಲ್ಲಿರುವ ಮಸಿನಗುಡಿಯಲ್ಲಿ ಬಿಸಿಲು ಮತ್ತು ಧೂಳು ಹೆಚ್ಚು, ಕಿಟಕಿಯ ಪ್ಲಾಸ್ಟಿಕ್ಕನ್ನು ಒಣಬಟ್ಟೆಯಿಂದ ಒರೆಸಿದರೆ ಧೂಳೇ ಗೀರು ಹಾಕಿ ಅದನ್ನು ಮಂಕಾಗಿಸುತ್ತದೆ. ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು, ಸೀಮೆಎಣ್ಣೆ ಪೆಟ್ರೋಲುಗಳನ್ನು ಅದರ ಹತ್ತಿರವೂ ತರಬಾರದು.

ಎಲ್ಲ ಹುಡ್ಡುಗಳೂ ದುರಸ್ತಿಗೆ ಒಗ್ಗುವುದಿಲ್ಲ. ರೆಕ್ಸಿನ್ನನ್ನು ಬೆರಳುಗಳ ನಡುವೆ ಮಡಿಸಿ ಒತ್ತಿದಾಗ ಲೇಪ ಬಿರುಕುಬಿಟ್ಟು ಒಳಗಿನ ನೂಲು ಕಂಡರೆ, ಅಥವಾ ಕ್ಯಾನ್ವಾಸು ದಬ್ಬಳ ಚುಚ್ಚಿದಲ್ಲೇ ಹಿಂಜಿದರೆ, ಅಂಥದಕ್ಕೆ ತೇಪೆ ಹಾಕುವುದು ದಾರಕ್ಕೂ ದಂಡ, ಸಮಯಕ್ಕೂ ದಂಡ. ಹಳೆಯ ಹುಡ್ಡನ್ನು ಅಳತೆಗೆಂದು ಕೊಟ್ಟು ಕುಷನ್ ಕೆಲಸದವರಲ್ಲಿ ಹೊಸದನ್ನೇ ಹೊಲಿಸಿಕೊಳ್ಳುವುದು ಮೇಲು.