ಹೊಳೆ ದಂಡೆಯ ಮೊಸಳೆ

ನಮ್ಮ ಊರು ಕಾಳಿ ಹೊಳೆಯ ದಂಡೆಯಲ್ಲಿದೆ. ದಾಂಡೇಲಿ ಪೇಟೆ ಹತ್ತಿರ. ಸುತ್ತಲೂ ಕಾಡು. 2015ರಿಂದ ಈ ಕಾಡಿಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರು.

ಬಟ್ಟೆ ಒಗೆಯಲು ನಮಗೆ ಹೊಳೆಯೇ ಬೇಕು. ದನಕ್ಕೆ ನೀರು ಕುಡಿಸಲೂ ಹೊಳೆಯೇ ಬೇಕು. ಅದೇ ಹೊಳೆಯಲ್ಲಿ ಮೊಸಳೆಗಳಿವೆ.

"ಅವು ಸುಮ್ಮನ ಇರ್ತಾವ, ಏನೂ ಮಾಡೂದಿಲ್ಲ" ಎನ್ನುತ್ತಿದ್ದೆವು. 2021ರ ಅಕ್ಟೋಬರ್ ತಿಂಗಳಲ್ಲಿ ದಾಂಡೇಲಿಯಲ್ಲಿ ಒಬ್ಬ ಹುಡುಗ ಮೀನು ಹಿಡಿಯಲು ಹೋಗಿದ್ದ. ಮೊಸಳೆ ಅವನನ್ನು ಎಳೆದುಕೊಂಡು ಹೋಯಿತು. ಹುಡುಗ ಉಳಿಯಲಿಲ್ಲ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಗಂಡಸರು ಸಿಟ್ಟಿಗೆದ್ದರು. "ಹೊಡೆದು ಹಾಕೋಣ" ಎಂದರು. ಆದರೆ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಮೊಸಳೆಗೂ ರಕ್ಷಣೆ ಕೊಟ್ಟಿದೆ. ಕೊಂದವರಿಗೆ ಜೈಲು.

ಹಾಗಾದರೆ ನಾವೇನು ಮಾಡಬೇಕು? ಕಲಿಕಾ ಕೇಂದ್ರದಲ್ಲಿ ಕುಳಿತು ಮೊಸಳೆಯ ವಿಷಯ ಓದಿದೆವು.

ಚಳಿಗಾಲದಲ್ಲಿ ಮೊಸಳೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತದೆ. ಆಗ ಅದು ಕಾಣುತ್ತದೆ, ನಾವು ದೂರ ಸರಿಯುತ್ತೇವೆ. ನೀರಿನೊಳಗೆ ಇದ್ದಾಗ ಕಣ್ಣು, ಮೂಗಿನ ತುದಿ ಮಾತ್ರ ಮೇಲಿರುತ್ತವೆ. ನೀರಿನ ಅಂಚಿನಲ್ಲಿ ಬಗ್ಗಿದವರನ್ನು ಒಮ್ಮೆಲೇ ಹಿಡಿಯುತ್ತದೆ. ಅಲ್ಲಿ ದಿನಾ ಬಗ್ಗುವವರು ಯಾರು? ನಾವೇ, ಹೆಂಗಸರು.

ಶಿವರಾತ್ರಿಯ ಆಸುಪಾಸಿನಲ್ಲಿ ಅದು ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಸುಮಾರು ಎರಡು ತಿಂಗಳಿಗೆ ಮರಿ. ಅಲ್ಲಿಯವರೆಗೆ ತಾಯಿ ಕಾವಲು ಕಾಯುತ್ತದೆ. ಹತ್ತಿರ ಹೋದರೆ ಮೈಮೇಲೆ ಬರುತ್ತದೆ. ಮಕ್ಕಳನ್ನು ಹೆತ್ತ ನಮಗೆ ಇದು ತಿಳಿಯದ ಮಾತೇ?

ಕೋಳಿ ಅಂಗಡಿಯ ಕಸ ಹೊಳೆಗೆ ಬಿದ್ದರೆ ಮೊಸಳೆ ದಂಡೆಗೆ ಬರುವುದು ರೂಢಿಯಾಗುತ್ತದೆ. ಬರೀ ಅಂಗಡಿಯವರದಲ್ಲ ತಪ್ಪು. ಮನೆಯ ಎಲುಬು ನಾವೂ ಎಸೆದಿದ್ದೇವೆ. ಸುಳ್ಳು ಯಾಕೆ ಹೇಳಬೇಕು?

ಈಗ ನಸುಕಿನಲ್ಲಿ, ಕತ್ತಲಲ್ಲಿ ನಾವು ಹೊಳೆಗೆ ಹೋಗುವುದಿಲ್ಲ. "ಒಬ್ಬಾಕಿನ ಹೋಗಬ್ಯಾಡವ್ವಾ" ಎಂದು ಒಬ್ಬರಿಗೊಬ್ಬರು ಹೇಳುತ್ತೇವೆ. ನಾಲ್ಕು ಮಂದಿ ಒಗೆಯುವಾಗ ಒಬ್ಬಾಕಿ ನೀರು ನೋಡುತ್ತಾ ನಿಲ್ಲುತ್ತಾಳೆ. ಬಕೀಟಿಗೆ ಹಗ್ಗ ಕಟ್ಟಿ ನೀರು ಸೇದಿ, ದೂರದ ಕಲ್ಲಿನ ಮೇಲೆ ಒಗೆಯುತ್ತೇವೆ. ಇದರಿಂದ ಸೊಂಟ ನೋಯುತ್ತದೆ. ಹೊತ್ತೂ ಹೆಚ್ಚು ಹಿಡಿಯುತ್ತದೆ. ಕೂಲಿಗೆ ತಡವಾದರೆ ಬೈಗುಳ ಬೇರೆ.

ಈ ಕಷ್ಟ ನಮ್ಮೂರಿಗೆ ಮಾತ್ರ ಇಲ್ಲ. ಒಡಿಶಾ ರಾಜ್ಯದಲ್ಲಿ ಭಿತರ್‌ಕನಿಕಾ ಎಂಬ ಕಾಡಿದೆ. ಅಲ್ಲಿಯದು ಉಪ್ಪುನೀರಿನ ಮೊಸಳೆ, ನಮ್ಮದಕ್ಕಿಂತ ದೊಡ್ಡದು. ಅಲ್ಲಿ ಅರಣ್ಯ ಇಲಾಖೆಯವರು ಸ್ನಾನದ ಘಟ್ಟಗಳಲ್ಲಿ ನೀರಿನೊಳಗೇ ಬೇಲಿ ಹಾಕಿದ್ದಾರೆ. ಜನ ಬೇಲಿಯ ಒಳಗೆ, ಮೊಸಳೆ ಹೊರಗೆ.

ಇದನ್ನು ಓದಿದ ಮೇಲೆ ನಾವೂ ಅರ್ಜಿ ಬರೆದೆವು. "ನಮಗೆ ಮನೆಗೆ ನಲ್ಲಿ ಬೇಕು. ಬಟ್ಟೆ ಒಗೆಯಲು ಕಟ್ಟೆ ಬೇಕು. ಹೊಳೆಯಲ್ಲಿ ಬೇಲಿ ಬೇಕು." 17 ಮಂದಿ ಸಹಿ ಹಾಕಿದೆವು. ಹೆಬ್ಬೆಟ್ಟು ಒಂದೂ ಇರಲಿಲ್ಲ. ಗ್ರಾಮಸಭೆಯಲ್ಲಿ ಅರ್ಜಿಯನ್ನು ನಾವೇ ಓದಿದೆವು.

ಕಟ್ಟೆಗೆ ಜಾಗ ಅಳೆದು ಹೋಗಿದ್ದಾರೆ. ಬೇಲಿಯ ಮಾತು ಯಾರೂ ಎತ್ತಿಲ್ಲ. ಎರಡನೇ ಅರ್ಜಿ ಬರೆಯುತ್ತಿದ್ದೇವೆ.